ಕ್ಷಯ ಹೋಗ್ತಾನೆ, ಪ್ರಭವ ಬರ್ತಾನೆ

ಪುರವರದ ಮಿಷನ್ ಕೇರಿಯ ಉಪದೇಶಿ ಮರುಳಸಿದ್ದಯ್ಯ ಸುಳ್ಳುಗಾರನಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು. ಇಲ್ಲದಿದ್ದರೆ ಮುಂದಿನ ಸಂಗತಿ ಕೇಳಿದವರು ಅವನನ್ನು ಕವಡೆ ಹಾಕಿ ಹೊಟ್ಟೆ ಹೊರೆಯುವವರ ಸಾಲಿನಲ್ಲಿ ಕೂರಿಸಿಬಿಡುತ್ತಾರೆ. ಅವನು ಆಡಿದ ಮಾತಿನಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಆಡಬೇಕಾದ ಕಡೆ ಬಾಯಿ ಮುಚ್ಚಿಕೊಂಡಿದ್ದನಲ್ಲ, ಅದೇ ಅವನಿಗೆ ಮುಳುವಾಯಿತು.

ಅವನ ಅಪ್ಪ ನಾಗಲಿಂಗಯ್ಯ ಮಧುಗಿರಿಯಲ್ಲಿ ಪಂಚಾಂಗದ ಅಯ್ನೋರೆಂದೇ ಹೆಸರಾದವನು. ಯುಗಾದಿಯ ದಿನ ಬೇವುಬೆಲ್ಲ ತಿಂದ ಮೇಲೆ ಪೇಟೆಯ ಶಿವಭಕ್ತರ ಮನೆಯವರೆಲ್ಲ ಅವನ ಜಗಲಿಯ ಮುಂದೆ ಬಂದು ಕೂರಬೇಕು, ಅವನು ಹೊಸ ವರ್ಷದ ಫಲ ಓದಬೇಕು. ಓದುವಾಗ ಅವನದೊಂದು ವರಸೆಯಿತ್ತು. ಅರವತ್ತು ಸಂವತ್ಸರಗಳನ್ನೂ ಮನೆಗೆ ಬಂದು ಹೋಗುವ ನೆಂಟರಂತೆ ಮಾತಾಡಿಸುತ್ತಿದ್ದ. "ಕೀಲಕ ಹೋಗ್ತಾನೆ, ಸೌಮ್ಯ ಬರ್ತಾನೆ. ಕೀಲಕ ಬಲು ಜಿಪುಣ, ಮಳೆ ಅಂದ್ರೆ ಕೈ ಬಿಗಿ ಹಿಡಿದ. ಸೌಮ್ಯ ಅಂಥೋನಲ್ಲ, ಬರ್ಲಿ ಬುಡ್ರಪ್ಪ, ಕಾಲಿಗೆ ನೀರು ಕೊಡಿ" ಎಂದರೆ ಜಗಲಿಯೆಲ್ಲ ನಗು. ಅಪ್ಪನ ಮಗ್ಗುಲಲ್ಲಿ ಕೂತು ಕೇಳಿ ಕೇಳಿ ಇಬ್ಬರು ಗಂಡು ಮಕ್ಕಳಿಗೂ ವರ್ಷಗಳೆಂದರೆ ಮನುಷ್ಯರೇ ಆಗಿಬಿಟ್ಟಿದ್ದವು.

ಕಿರಿಯವನಾದ ಮರುಳಸಿದ್ದಯ್ಯ ತುಮಕೂರಿನ ಕಡೆ ಮಿಷನ್ ಸ್ಕೂಲಿಗೆ ಓದಲು ಹೋದವನು ಕ್ರೈಸ್ತನಾಗಿ ತಿರುಗಿ ಬಂದ. ದೀಕ್ಷಾಸ್ನಾನ ಕೊಟ್ಟ ಬಿಳಿಯ ಪಾದ್ರಿ ದೊರೆ ಹೊಸ ಹೆಸರಿಡಲು ಹೊರಟಾಗ, ಅಪ್ಪ ಕೊಟ್ಟದ್ದೆಂದು ಇದೊಂದಾದರೂ ಇರಲಿ ಎಂದು ಬೇಡಿಕೊಂಡು ಹಳೆಯ ಹೆಸರನ್ನೇ ಉಳಿಸಿಕೊಂಡ. ಉಳಿದದ್ದು ಹೆಸರೊಂದೇ. ನಾಗಲಿಂಗಯ್ಯ ಸಾಯುವವರೆಗೂ ಕಿರಿ ಮಗನ ಮುಖ ನೋಡಲಿಲ್ಲ. ಸೊಸೆ ಬಸವಮ್ಮ ಕೊರಳಿನ ಲಿಂಗವನ್ನು ಅತ್ತೆಯ ಕೈಗೆ ಕೊಟ್ಟು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಗಂಡನ ಹಿಂದೆ ಹೊರಟಳು. ಪಂಚಾಂಗವೂ ಜಗಲಿಯೂ ಅಣ್ಣ ರೇಣುಕಯ್ಯನ ಪಾಲಿಗೆ ಬಂದವು.

ಪುರವರದಲ್ಲಿ ಮರುಳಸಿದ್ದಯ್ಯ ಹಗಲು ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದ, ಸಂಜೆ ದೊಡ್ಡವರಿಗೆ ಪ್ರಾರ್ಥನೆ ನಡೆಸುತ್ತಿದ್ದ. ಅವನನ್ನೂ ಅಯ್ನೋರೆಂದೇ ಕರೆಯುತ್ತಿದ್ದ ಕೇರಿಯವರಿಗೆ ಅವನ ಮೇಲೆ ಅಂಜಿಕೆಯೂ ಇತ್ತು, ನಂಬಿಕೆಯೂ ಇತ್ತು. ಒಂದು ವಿಷಯದಲ್ಲಿ ಮಾತ್ರ ಅವನು ಬಲು ಖಡಕ್ಕು. ಪ್ರಭು ಮತ್ತೆ ಭೂಮಿಗೆ ಬರುತ್ತಾನೆ, ಸತ್ತವರನ್ನು ಎಬ್ಬಿಸುತ್ತಾನೆ, ಆಮೇಲೆ ಯಾರಿಗೂ ಸಾವಿಲ್ಲ, ಅದು ಖಂಡಿತ. ಯಾವತ್ತು ಎಂದು ಕೇಳಿದಿರೋ, ಅಯ್ನೋರ ಹುಬ್ಬು ಗಂಟಿಕ್ಕುತ್ತಿತ್ತು. ಒಮ್ಮೆ ಪಾವಗಡದ ಆಚೆಯಿಂದ ಒಬ್ಬ ಬೋಧಕ ಬಟ್ಟೆಯ ಮೇಲೆ ಲೋಕ ಮುಗಿಯುವಾಗ ಏಳುವ ಏಳು ತಲೆಯ ಮೃಗ ಬರೆಸಿಕೊಂಡು ಬಂದು, ಇನ್ನು ಮೂರೇ ವರ್ಷವೆಂದು ತೆಲುಗಿನಲ್ಲಿ ಕೂಗತೊಡಗಿದ. ಮರುಳಸಿದ್ದಯ್ಯ ಆ ಬಟ್ಟೆಯನ್ನು ತಾನೇ ಸುತ್ತಿ ಅವನ ಕಂಕುಳಿಗೆ ತುರುಕಿ, "ದೇವದೂತರಿಗೇ ತಿಳೀದ್ದು ನಿಂಗೆ ಹೆಂಗಯ್ಯ ತಿಳೀತು? ನಡಿ ನಡಿ" ಎಂದು ಹೊಳೆಯವರೆಗೂ ಅಟ್ಟಿ ಬಂದಿದ್ದ. ಅಂಥವನು ಅವನು.

ಆಮೇಲೆ ಕ್ಷಯ ಸಂವತ್ಸರ ಬಂತು. ಅರವತ್ತರಲ್ಲಿ ಕೊನೆಯದು. ಆ ವರ್ಷದ ನವರಾತ್ರಿಯ ಹೊತ್ತಿಗೆ ಕೃಪಮ್ಮ ಗಂಡನ ಮನೆಯಿಂದ ಕೆಮ್ಮುತ್ತ ಬಂದಳು.

ಕೃಪಮ್ಮ ಅವನಿಗಿದ್ದ ಒಬ್ಬಳೇ ಮಗಳು. ಕೊರಟಗೆರೆಯ ಕಾಂಪೌಂಡರ್ ಹುಡುಗನಿಗೆ ಕೊಟ್ಟು ಇನ್ನೂ ಎರಡು ವರ್ಷ ತುಂಬಿರಲಿಲ್ಲ. ಗಾಡಿಯಿಂದ ಇಳಿದವಳು ಹೊಸ್ತಿಲು ದಾಟುವ ಮೊದಲೇ ಕಂಬ ಹಿಡಿದು ಕೆಮ್ಮಿದಳು, ಸೆರಗು ತೆಗೆದಾಗ ಅದರಲ್ಲಿ ರಕ್ತವಿತ್ತು. ಕರೆದುಕೊಂಡು ಬಂದ ಅಳಿಯ ಅಂಗಳದಲ್ಲೇ ನಿಂತು, ನೆಲ ನೋಡುತ್ತ, ರೋಗದ ಹೆಸರು ಹೇಳಿದ. ಕ್ಷಯ. ಹೇಳಿದವನೇ ನೀರೂ ಕುಡಿಯದೆ ಅದೇ ಗಾಡಿಯಲ್ಲಿ ತಿರುಗಿ ಹೋದ. ಅಯ್ಯೋ, ಎಂಥ ಗಂಡಸಪ್ಪ! ಮಾಡಿಕೊಂಡಿದ್ದು ಕೆಮ್ಮಿಲ್ಲದ ಹೆಂಡತಿಯನ್ನು ಮಾತ್ರವೇ?

ಬಸವಮ್ಮ ಮಗಳಿಗೆ ಹಿತ್ತಲ ಪಡಸಾಲೆಯಲ್ಲಿ ಗಾಳಿ ಬರುವ ಕಡೆ ಮಂಚ ಹಾಕಿದಳು, ತಟ್ಟೆ ಲೋಟ ಬೇರೆ ಮಾಡಿದಳು. "ವರ್ಷದ ಹೆಸರೇ ಕ್ಷಯ ಅಂತ ಇದ್ರೆ ಇನ್ನೇನು ತಾನೇ ಉಳಿದೀತು" ಎಂದು ಒಲೆಯ ಮುಂದೆ ಕೂತು ಗೊಣಗುತ್ತಿದ್ದಳು. ಮರುಳಸಿದ್ದಯ್ಯ ಗದರಿ ಸುಮ್ಮನಾಗಿಸುತ್ತಿದ್ದ. ಆದರೆ ಅದೇ ಯೋಚನೆ ಅವನ ತಲೆಯಲ್ಲೂ ಸುತ್ತುತ್ತಿತ್ತು, ಏನು ಮಾಡಲಿ, ಪಂಚಾಂಗದವನ ಮಗ.

ಕೃಪಮ್ಮ ಮಾತು ಕಡಿಮೆ ಮಾಡಿದಳು. ಮಧುಗಿರಿಯ ದಾಳಿಂಬೆ ಬಿಡಿಸಿ ಕೊಟ್ಟರೂ ತಟ್ಟೆ ಪಕ್ಕಕ್ಕೆ ಸರಿಸುವಳು. ಸಣ್ಣವಳಿದ್ದಾಗ ಪ್ರಾರ್ಥನೆಯ ಮಧ್ಯೆ ನಕ್ಕು ಏಟು ತಿಂದ ಹುಡುಗಿ, ಈಗ ನಗುವುದೆಂದರೇನೆಂದು ಮರೆತವಳ ಹಾಗೆ ಸೂರು ನೋಡುತ್ತ ಮಲಗಿರುತ್ತಿದ್ದಳು.

ಕ್ರಿಸ್ಮಸ್ ಕಳೆದ ಮೇಲೆ ಒಂದು ಬೆಳಿಗ್ಗೆ ಅವನು ಮಂಚದ ಪಕ್ಕ ಕೂತು ಹಣೆಗೆ ಒದ್ದೆ ಬಟ್ಟೆ ಹಾಕುತ್ತಿದ್ದ. ಜ್ವರ ಏರಿತ್ತು. ಅವಳು ಕಣ್ಣು ಮುಚ್ಚಿಕೊಂಡೇ ಕೇಳಿದಳು.

"ಅಪ್ಪಾ, ಪ್ರಭು ಬರೋದು ಯಾವಾಗ?"

ಕೇರಿಯವರು ಯಾರಾದರೂ ಕೇಳಿದ್ದರೆ ಹುಬ್ಬು ಗಂಟಿಕ್ಕುತ್ತಿದ್ದ. ಮಗಳಿಗೆ ಹಾಗೆ ಮಾಡಲಾಗಲಿಲ್ಲ.

"ಯಾಕವ್ವ?"

"ನಾನಿರೋದ್ರೊಳಗೆ ಬಂದ್ರೆ ಸಾಯೋದು ತಪ್ತದಲ್ಲ. ಅದಕ್ಕೆ ಕೇಳ್ದೆ."

ಗೊತ್ತಿಲ್ಲ ಎನ್ನಲು ಮರುಳಸಿದ್ದಯ್ಯನಿಗೆ ಬಾಯಿ ಬರಲಿಲ್ಲ. ಏನಾದರೂ ಹೇಳಬೇಕಿತ್ತು, ಸುಳ್ಳಾಗಬಾರದಿತ್ತು. ಆಗ ಅಪ್ಪನ ಜಗಲಿಯ ಮಾತು ತಾನಾಗಿ ನಾಲಿಗೆಗೆ ಬಂತು. ಈ ಕೆಟ್ಟ ವರ್ಷ ಕಳೆದು ಒಳ್ಳೆಯದು ಬರುತ್ತದೆ, ಧೈರ್ಯವಾಗಿರು ಎನ್ನುವ ಅರ್ಥದಲ್ಲಿ ಮೆಲ್ಲಗೆ ಅಂದ, "ಯುಗಾದಿ ಬರ್ಲಿ ಮಗಳೇ. ಯುಗಾದಿಗೆ ಕ್ಷಯ ಹೋಗ್ತಾನೆ, ಪ್ರಭವ ಬರ್ತಾನೆ."

ಕ್ಷಯದ ಮುಂದಿನದು ಪ್ರಭವ, ಹೊಸ ಅರವತ್ತರ ಮೊದಲನೆಯದು. ಪಂಚಾಂಗ ಬಲ್ಲವರಿಗೆ ಇದು ಮಗ್ಗಿಯಷ್ಟು ಸಲೀಸು. ಮಿಷನ್ ಕೇರಿಯಲ್ಲಿ ಹುಟ್ಟಿದ ಹುಡುಗಿಗೆ ಸಂವತ್ಸರ ಯಾವುದು, ಅದರ ಹೆಸರು ಯಾವುದು! ಜ್ವರದ ಕಿವಿ ಬೇರೆ. ಕೃಪಮ್ಮ ಕಣ್ಣು ಬಿಟ್ಟಳು.

"ಪ್ರಭು ಬರ್ತಾನಾ? ಯುಗಾದಿಗಾ? ನನ್ನ ಕ್ಷಯ ಹೋಗ್ತದಾ ಅಪ್ಪಾ?"

ಮತ್ತೆ ನಕ್ಕಳು. ಹಲ್ಲು ಕಾಣಿಸುವಂತೆ, ಕೆನ್ನೆಯ ಗುಳಿ ಬೀಳುವಂತೆ ನಕ್ಕಳು. ತಿಂಗಳುಗಟ್ಟಲೆ ಆ ನಗುವಿಗಾಗಿ ಕಾದಿದ್ದ ಅಪ್ಪ, ಇಲ್ಲ ಮಗಳೇ, ನಾನು ಹೇಳಿದ್ದು ವರ್ಷದ ಹೆಸರು ಎನ್ನಬೇಕಾಗಿತ್ತು. ಎನ್ನಲಿಲ್ಲ. ಬಟ್ಟೆಯನ್ನು ನೀರಿಗೆ ಅದ್ದಿ ಹಿಂಡಿದ, ಮತ್ತೆ ಹಣೆಗೆ ಹಾಕಿದ.

ಅಂದು ಮಧ್ಯಾಹ್ನ ಕೃಪಮ್ಮ ಅಂಬಲಿ ಕೇಳಿ ಕುಡಿದಳು. ಸಂಜೆ ತಲೆ ಬಾಚು ಎಂದು ಅವ್ವನನ್ನು ಕರೆದಳು. ಬಾಚುವಾಗ ಅಪ್ಪ ಹೇಳಿದ್ದನ್ನು ಹೇಳಿದಳು. ಬಸವಮ್ಮ ಬಾಚಣಿಗೆ ಕೈಯಲ್ಲಿ ಹಿಡಿದುಕೊಂಡೇ ಪಕ್ಕದ ಮನೆಯ ಲಕ್ಕಮ್ಮನ ಹತ್ತಿರ ಓಡಿದಳು. ಲಕ್ಕಮ್ಮನ ಕಿವಿಗೆ ಬಿದ್ದ ಮೇಲೆ ಕೇರಿಗೆ ಡಂಗುರ ಬೇಕೇ?

ಬೇರೆ ಯಾರ ಮಾತಾದರೂ ಜನ ಅನುಮಾನಪಡುತ್ತಿದ್ದರೇನೋ. ಇವನು ಹೇಳಿದ್ದೆಂದರೆ ಯಾರು ತಾನೇ ನಂಬುವುದಿಲ್ಲ? ಮೃಗದ ಬಟ್ಟೆಯವನನ್ನು ಅಟ್ಟಿದವನು; ಮೇಲಾಗಿ ನಾಗಲಿಂಗಯ್ಯನ ಮಗ, ದಿನ ನೋಡುವುದು ರಕ್ತದಲ್ಲೇ ಬಂದದ್ದು. "ಅಯ್ನೋರು ಸುಮ್ಕೆ ಬಾಯಿ ಬುಡೋರಲ್ಲ, ಲೆಕ್ಕ ಹಾಕಿ ನೋಡೇ ಹೇಳವ್ರೆ" ಎಂದಿತು ಕೇರಿ. ಬಾವಿಯ ಸರದಿಗಾಗಿ ತಮ್ಮನೊಂದಿಗೆ ಜಗಳವಾಡಿ ವರ್ಷದಿಂದ ಮಾತು ಬಿಟ್ಟಿದ್ದ ಅಡವಯ್ಯ ಆ ತಮ್ಮನ ಮನೆಗೇ ಹೋಗಿ ಉಂಡು ಬಂದ. ಊರೊಳಗಿನ ದೊಡ್ಡರಂಗಪ್ಪಗೌಡ ಕೇರಿಯ ಬಾಯಿಗೆ ಬಂದು ನಿಂತು, ನಿಮ್ಮ ದೇವರು ಬಂದರೆ ನಮ್ಮ ಹೊಲ ಬೇಲಿಯೆಲ್ಲ ಇದ್ದ ಹಾಗೇ ಇರುತ್ತವೆಯೇ ಎಂದು ವಿಚಾರಿಸಿಕೊಂಡು ಹೋದ. ನಗು ಬರುವ ಮಾತೇ, ಆದರೆ ಗೌಡನ ಮುಖದಲ್ಲಿ ನಗುವಿರಲಿಲ್ಲ.

ಮರುಳಸಿದ್ದಯ್ಯನಿಗೆ ಸಹಿಸಲಾಗದ್ದು ಲಕ್ಕಮ್ಮನ ಕೆಲಸ. ಅವಳ ಗಂಡ ಗಂಗಹನುಮಯ್ಯ ಸತ್ತು ಬಹಳ ಕಾಲವಾಗಿತ್ತು. ಅವನನ್ನು ಹೂತ ಜಾಗ ಕೇರಿಯ ಹಿಂದೆ ಜಾಲಿಗಿಡಗಳ ನಡುವೆ ಇತ್ತು. ಲಕ್ಕಮ್ಮ ದಿನಾ ಬೆಳಿಗ್ಗೆ ಪೊರಕೆ ತೆಗೆದುಕೊಂಡು ಹೋಗಿ ಗೋರಿಯ ಸುತ್ತ ಗುಡಿಸಿ, ಮುಳ್ಳು ಆಯ್ದು, ಅಲ್ಲಿಂದ ದಾರಿಯವರೆಗೂ ಹಸನು ಮಾಡಿ ಬರತೊಡಗಿದಳು. "ಏನು ಲಕ್ಕಮ್ಮ ಇದು?" ಎಂದು ಕೇಳಿದ್ದಕ್ಕೆ, "ಪ್ರಭು ಕೂಗ್ದಾಗ ನಮ್ಮೋರು ಎದ್ದು ಬರ್ಬೇಕಲ್ಲ ಅಯ್ನೋರೆ, ಬರಿಗಾಲು, ಮುಳ್ಳು ಚುಚ್ಚಿದ್ರೆ?" ಎಂದಳು. ಅವನು ಮನೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತ.

ಹೇಳಿಬಿಡಬೇಕೆಂದು ದಿನಾ ಹಿತ್ತಲಿಗೆ ಹೋಗುವನು. ಮಗಳು ದಿಂಬಿಗೆ ಒರಗಿ ಕೂತಿರುವಳು. ರಕ್ತ ಕಡಿಮೆಯಾಗಿರಲಿಲ್ಲ, ಮೈ ತುಂಬಿರಲಿಲ್ಲ. ಕಣ್ಣಿನಲ್ಲಿ ಮಾತ್ರ ಬೆಳಕಿತ್ತು. "ಅಷ್ಟರವರೆಗೆ ಉಸಿರು ಹಿಡ್ಕೊಂಡಿದ್ರೆ ಸಾಕು, ಅಲ್ವೇನಪ್ಪ?" ಎಂದು ಅವಳೇ ಕೇಳುವಳು. ಅವನು ದಿಂಬು ಸರಿಮಾಡಿ ಎದ್ದು ಬರುವನು. ಹೀಗೆ ಮಾಘ ಕಳೆಯಿತು.

ಫಾಲ್ಗುಣದಲ್ಲಿ ಮಿಷನ್ನಿನ ಡಾಕ್ಟರಮ್ಮ ಮೋಟಾರಿನಲ್ಲಿ ಬಂದಳು. ಹಳ್ಳಿ ಹಳ್ಳಿ ಸುತ್ತಿ ಔಷಧಿ ಕೊಡುವ ಹೆಂಗಸು, ಬೇಡದ ಮಾತಾಡುವವಳಲ್ಲ. ಕೃಪಮ್ಮನ ಬೆನ್ನಿಗೆ ನಳಿಕೆ ಇಟ್ಟು ಬಹಳ ಹೊತ್ತು ಕೇಳಿದಳು. ಆಮೇಲೆ ಮರುಳಸಿದ್ದಯ್ಯನನ್ನು ಮಂಚದ ಪಕ್ಕಕ್ಕೇ ಕರೆದಳು.

"ಉಪದೇಶಿಯವರೇ, ಒಂದು ಕಡೆಯ ಶ್ವಾಸಕೋಶ ಇನ್ನೂ ಚೆನ್ನಾಗಿದೆ. ಮದ್ರಾಸು ಸೀಮೆಯಲ್ಲಿ ಬೆಟ್ಟದ ಮೇಲೆ ಇದೇ ರೋಗದವರಿಗೆ ಅಂತ ಆಸ್ಪತ್ರೆ ಇದೆ. ಅಲ್ಲಿ ಒಂದು ಹಾಸಿಗೆ ಕೇಳಿ ಇಟ್ಟುಕೊಂಡಿದ್ದೇನೆ. ಸೋಮವಾರ ನಮ್ಮ ಮೋಟಾರು ಆ ಕಡೆ ಹೋಗುತ್ತೆ. ಈಗ ಹೋದರೆ ಉಳಿದರೂ ಉಳಿಯಬಹುದು. ಬಿಟ್ಟರೆ ಆ ಹಾಸಿಗೆ ಬೇರೆಯವರಿಗೆ ಹೋಗುತ್ತೆ, ಈ ಬೇಸಿಗೆ ಇವಳು ದಾಟೋದು ಕಷ್ಟ."

ಅವನು ಕೈ ಮುಗಿಯಲು ಹೋದ. ಅಷ್ಟರಲ್ಲಿ ಮಂಚದ ಮೇಲಿಂದ ಮಾತು ಬಂತು.

"ನಾನು ಬರಲ್ಲ ಡಾಕ್ಟ್ರಮ್ಮ. ಯುಗಾದಿ ಹತ್ರ ಬಂತು. ಆಮೇಲೆ ಆಸ್ಪತ್ರೆ ಬೇಕಾಗೇ ಇರಲ್ಲ. ಗುರುತಿಲ್ಲದ ಊರಲ್ಲಿ ಯಾಕಿರ್ಲಿ, ಅಪ್ಪ ಅವ್ವನ ಜೊತೇಲೇ ಪ್ರಭೂನ ನೋಡ್ತೀನಿ."

ಹಟವಿಲ್ಲ, ಅಳುವಿಲ್ಲ, ನಗುನಗುತ್ತ ಹೇಳಿದಳು. ಡಾಕ್ಟರಮ್ಮ ಅವಳನ್ನೊಮ್ಮೆ, ಅಪ್ಪನನ್ನೊಮ್ಮೆ ನೋಡಿದಳು. "ಏನು ಹೇಳಿದ್ದೀರಿ ನೀವು ಇವಳಿಗೆ?" ಎಂದಳು. ಅವನು ಎದ್ದು ಅವಳ ಚೀಲ ಎತ್ತಿಕೊಟ್ಟ. "ಸೋಮವಾರ ಬೆಳಿಗ್ಗೆ ಬರ್ತೀನಿ" ಎಂದಷ್ಟೇ ಹೇಳಿ ಹೊರಟಳು. ಅಂದು ಗುರುವಾರ.

ಮರುದಿನ ಮರುಳಸಿದ್ದಯ್ಯ ಸ್ಕೂಲಿಗೆ ರಜಾ ಕೊಟ್ಟು ಮಧುಗಿರಿಗೆ ನಡೆದ. ಯಾಕೆ ಹೋದ ಗೊತ್ತೇ? ತಪ್ಪು ಒಪ್ಪಿಕೊಳ್ಳುವ ಬಲ ಕೇಳಲು ಅಲ್ಲ. ದಿನ ಮುಂದಕ್ಕೆ ಹಾಕಲು ದಾರಿ ಇದೆಯೇ ಎಂದು ಅಣ್ಣನನ್ನು ಕೇಳಲು. ಯುಗಾದಿ ಎಂದರೆ ಈ ಯುಗಾದಿಯೇ ಅಲ್ಲ, ಪ್ರಭವ ವರ್ಷ ಇಡೀ ಇದೆ, ಅದರ ಕೊನೆಗೂ ಆಗಬಹುದು, ಅಲ್ಲಿಯವರೆಗೆ ಆಸ್ಪತ್ರೆಯಲ್ಲಿರು ಮಗಳೇ ಎಂದು ಹೇಳಿದರೆ ಅವಳು ಹೋದಾಳು, ನಗುವೂ ಉಳಿದೀತು, ತನ್ನ ಮಾನವೂ ಉಳಿದೀತು. ಅದಕ್ಕೆ ಶಾಸ್ತ್ರದ ಆಸರೆ ಬೇಕಿತ್ತು. ಮನುಷ್ಯ ಒಂದು ಸಲ ಜಾರಿದರೆ ಎಲ್ಲೆಲ್ಲಿ ಕೈ ಹಾಕುತ್ತಾನೆ ನೋಡಿ.

ರೇಣುಕಯ್ಯ ಜಗಲಿಯ ಮೇಲೆ ಹೊಸ ಪಂಚಾಂಗ ಬಿಡಿಸಿಕೊಂಡು ಕೂತಿದ್ದ. ತಮ್ಮನನ್ನು ಕಂಡು ಒಳಗೆ ಕರೆಯಲಿಲ್ಲ, ಹೋಗು ಎಂದೂ ಹೇಳಲಿಲ್ಲ. ಕಂಬದ ಆಚೆ ಚಾಪೆ ತೋರಿಸಿದ. ಎಷ್ಟೋ ವರ್ಷವಾಗಿತ್ತು ಇಬ್ಬರೂ ಹೀಗೆ ಕೂತು.

"ಏನ್ಲಾ ಮರುಳ, ನಿಮ್ಮ ದೇವ್ರು ನಮ್ಮ ಪಂಚಾಂಗ ನೋಡ್ಕೊಂಡು ಬರ್ತಾನಂತೆ? ಪೇಟೇಲೆಲ್ಲ ಅದೇ ಮಾತು."

ಮರುಳಸಿದ್ದಯ್ಯ ಏನೂ ಮುಚ್ಚಿಡದೆ ಹೇಳಿದ. ಮಗಳ ರೋಗ, ಅವಳು ಕೇಳಿದ್ದು, ತಾನು ಅಂದದ್ದು, ಅವಳ ಕಿವಿಗೆ ಬಿದ್ದದ್ದು, ಡಾಕ್ಟರಮ್ಮ, ಸೋಮವಾರ. ಕೇಳುತ್ತ ಕೇಳುತ್ತ ರೇಣುಕಯ್ಯನ ಮುಖದ ಹಾಸ್ಯ ಇಳಿಯಿತು. ಅಣ್ಣನಿಗೂ ಅವಳು ಮಗಳಲ್ಲವೇ? ಕಣ್ಣಿಂದ ಕಂಡಿರದಿದ್ದರೂ ಮಗಳೇ.

"ಈ ವರ್ಷಕ್ಕೆ ಎಲ್ರೂ ಕ್ಷಯ ಅನ್ನಲ್ಲ ಕಣೋ. ಅಕ್ಷಯ ಅಂತ ಓದೋರೂ ಅವ್ರೆ. ನಾನು ಹೋದ ಯುಗಾದೀಲಿ ಅಕ್ಷಯ ಅಂತ್ಲೇ ಓದ್ದೆ, ಜನ ಖುಷಿಯಾಗಿ ಎದ್ದು ಹೋದ್ರು. ಆದ್ರೆ ವರ್ಷ ಇದ್ದ ಹಂಗೇ ಇತ್ತು" ಎಂದು ಪಂಚಾಂಗ ಮುಚ್ಚಿದ. "ಈಗ ನಿಂಗೇನು ಬೇಕು?"

"ಒಂದು ದಿನ ಬೇಕಣ್ಣ. ಯುಗಾದಿ ಆದ ಮೇಲಿಂದು. ನೀನು ಹೇಳ್ದೆ ಅಂತ ಹೇಳ್ತೀನಿ."

ರೇಣುಕಯ್ಯ ಸಿಟ್ಟಿಗೆದ್ದ. "ಥೂ ನಿನ್ನ! ಮುಂದಕ್ಕೆ ಹಾಕಾಕೆ ಅದೇನು ಸಂತೆ ಬಾಕೀನೇನ್ಲಾ? ಒಂದು ಸಲ ಮುಂದಕ್ಕೆ ಹಾಕ್ದೋನು ಅವ್ಳು ಕಣ್ಣು ಮುಚ್ಚೋಗಂಟ ಹಾಕ್ತಾನೇ ಇರ್ಬೇಕು. ನಾನು ಮಳೆ ಹೇಳ್ತೀನಿ, ಬೆಳೆ ಹೇಳ್ತೀನಿ, ತಪ್ಪಿದ್ರೆ ನಾಕು ಜನ ಬೈತಾರೆ, ಮುಗೀತು. ಜೀವದ ದಿನ ಅಪ್ಪ ಯಾವತ್ತಾರ ಹೇಳಿದ್ನಾ? ಯಾವನಾರ ಬಂದು ನಮ್ಮವ್ವ ಎಷ್ಟು ದಿನ ಇರ್ತಾಳೆ ಅಯ್ನೋರೆ ಅಂದ್ರೆ ಪಂಚಾಂಗ ಕಟ್ಟಿಟ್ಟು ಅವರ ಜೊತೆ ಎದ್ದು ಹೋಗಿ ಆ ಮುದುಕಿ ತಲೆದೆಸೆಯಾಗೆ ಕೂತ್ಕೋತಿದ್ದ. ಮರ್ತೋಯ್ತಾ?"

ಮರೆತಿರಲಿಲ್ಲ. ಅಪ್ಪ ಹಾಗೆ ಎದ್ದು ಹೋಗುತ್ತಿದ್ದುದು ಅವನ ಕಣ್ಣ ಮುಂದೆ ಬಂತು. ಹೊರಡುವಾಗ ರೇಣುಕಯ್ಯ ಬಾಗಿಲವರೆಗೂ ಬಂದ. "ಹೋಗಿ ಹೇಳ್ಬುಡು. ಅವ್ಳು ನಿನ್ನ ಮುಖ ನೋಡ್ದಿದ್ರೂ ಚಿಂತೆಯಿಲ್ಲ, ಬದುಕ್ಲಿ" ಎಂದ. ಅಪ್ಪ ಕಿರಿ ಮಗನ ಮುಖ ನೋಡದೆಯೇ ಸತ್ತ ಮನೆಯ ಹೊಸ್ತಿಲಲ್ಲಿ ನಿಂತು ಆಡಿದ ಮಾತು ಅದು. ಇಬ್ಬರಿಗೂ ಅದು ಗೊತ್ತಾಯಿತು, ಇಬ್ಬರೂ ಬೇರೆ ಕಡೆ ನೋಡಿದರು.

ಶನಿವಾರ ಮಧ್ಯಾಹ್ನ. ಬಸವಮ್ಮ ಮಗಳ ಕಾಲಿನ ಹತ್ತಿರ ಕೂತು ಅಕ್ಕಿ ಆರಿಸುತ್ತಿದ್ದಳು. ಮರುಳಸಿದ್ದಯ್ಯ ಬಂದು ಮಂಚದ ಪಕ್ಕ ನೆಲದ ಮೇಲೆ ಕೂತ.

"ಮಗಳೇ, ಅವತ್ತು ನಾನು ಪ್ರಭು ಅನ್ಲಿಲ್ಲ. ಪ್ರಭವ ಅಂದೆ. ಅದು ಬರೋ ವರ್ಷದ ಹೆಸರು. ಕ್ಷಯ ಅನ್ನೋದು ಈ ವರ್ಷದ ಹೆಸರು. ನಿನ್ನ ಕಾಯಿಲೆ ಮಾತಲ್ಲ ಅದು. ಪ್ರಭು ಬರೋ ಮಾತೂ ಅಲ್ಲ."

ಕೃಪಮ್ಮನಿಗೆ ಮೊದಲು ಅರ್ಥವಾಗಲಿಲ್ಲ. ಅವನು ಮತ್ತೊಮ್ಮೆ ಹೇಳಬೇಕಾಯಿತು. ಹೇಳಿಯೂ ಹೇಳಿದ. ಬಸವಮ್ಮನ ಕೈಯಿಂದ ಮೊರ ಜಾರಿ ಅಕ್ಕಿಯೆಲ್ಲ ನೆಲಕ್ಕೆ ಚೆಲ್ಲಿತು. "ಅಯ್ಯೋ, ಹೊಟ್ಟೆಗೆ ಬೆಂಕಿ ಇಟ್ರಲ್ಲ! ಹೆತ್ತ ಮಗಳಿಗೆ ಹಿಂಗೆ ಮಾಡ್ತಾರಾ ಯಾರಾದ್ರೂ?" ಎಂದು ನೆಲಕ್ಕೆ ಕೈ ಬಡಿದಳು.

ಕೃಪಮ್ಮ ಅವ್ವನ ಕಡೆ ನೋಡಲಿಲ್ಲ.

"ನಾನು ತಪ್ಪಾಗಿ ಕೇಳಿಸ್ಕೊಂಡೆ ಅಂತ ನಿಂಗೆ ಅವತ್ತೇ ಗೊತ್ತಾಯ್ತಾ?"

"ಗೊತ್ತಾಯ್ತು."

"ಮತ್ತೆ ಯಾಕೆ ಸುಮ್ಕಿದ್ದೆ?"

"ನೀನು ನಕ್ಕೆ ಕಣವ್ವ" ಎಂದ ಮರುಳಸಿದ್ದಯ್ಯ. ಬೇರೆ ಕಾರಣ ಅವನಲ್ಲಿರಲಿಲ್ಲ.

ಕೃಪಮ್ಮನಿಗೆ ಕೆಮ್ಮು ಬಂತು. ಕೆಮ್ಮು ನಿಂತ ಮೇಲೆ ಅವಳು ಕೇಳಿದಳು, "ಹಂಗಾದ್ರೆ ಪ್ರಭು ಬರೋದು ಯಾವಾಗ?"

"ಗೊತ್ತಿಲ್ಲ."

"ಪಾದ್ರಿಯೋರಿಗೆ? ದೊರೆಗೋಳಿಗೆ?"

"ಯಾರಿಗೂ ಗೊತ್ತಿಲ್ಲ ಮಗಳೇ. ಬರೋ ಪ್ರಭುವೇ ಹೇಳವ್ನೆ, ಆ ದಿನ ತನಗೂ ತಿಳೀದು, ಅಪ್ಪನಿಗೊಬ್ಬನಿಗೇ ಗೊತ್ತು ಅಂತ."

"ಆ ಅಪ್ಪ ಗೊತ್ತಿದ್ರೂ ಮಗನಿಗೆ ಹೇಳ್ಲಿಲ್ವಾ?"

"ಹೇಳ್ಲಿಲ್ಲ."

"ನಿಂಗೆ ಗೊತ್ತೇ ಇರ್ಲಿಲ್ಲ" ಎಂದಳು ಕೃಪಮ್ಮ. "ನೀನು ಹೇಳ್ಬುಟ್ಟೆ."

ಅಷ್ಟು ಹೇಳಿ ಗೋಡೆಯ ಕಡೆ ತಿರುಗಿ ಮಲಗಿದಳು. ಅವನು ಹೆಗಲು ಮುಟ್ಟಿದ, ಅವಳು ಸರಿಸಲಿಲ್ಲ, ತಿರುಗಲೂ ಇಲ್ಲ. ಆಸ್ಪತ್ರೆಯ ಮಾತೆತ್ತಿದ, ಅವಳು ಹೊದಿಕೆಯನ್ನು ತಲೆಯವರೆಗೂ ಎಳೆದುಕೊಂಡಳು. ಬಸವಮ್ಮ ಚೆಲ್ಲಿದ ಅಕ್ಕಿಯನ್ನು ಬಳಿಯುತ್ತ, "ಎದ್ದು ಹೋಗಿ ಆಚೆ" ಎಂದಳು. ಎದ್ದು ಹೋದ.

ಭಾನುವಾರ ಬೆಳಿಗ್ಗೆ ಸಭೆಯ ಮುಂದೆ ನಿಂತು ಅದನ್ನೇ ಹೇಳಿದ. ಮಗಳಿಗೆ ಹೇಳಿದ ಮೇಲೆ ಇದು ಅಷ್ಟು ಕಷ್ಟವಾಗಲಿಲ್ಲ. ಪ್ರಭು ಯಾವತ್ತು ಬರುತ್ತಾನೆಂದು ನನಗೆ ಗೊತ್ತಿಲ್ಲ, ಗೊತ್ತಿದೆಯೆಂದು ನೀವು ತಿಳಿದಾಗ ಸುಮ್ಮನಿದ್ದೆ, ಅದು ನನ್ನ ತಪ್ಪು, ಕ್ಷಮಿಸಿ ಎಂದ. ಅಡವಯ್ಯ ಎದ್ದು ಬಾಗಿಲಿಗೆ ಹೋಗಿ ಉಗಿದು ಬಂದು ಕೂತ. ಹಿಂದೆ ಕೂತ ಕೆಲವರಿಗೆ ಈ ಮಾತೇ ನಂಬಿಕೆಯಾಗಲಿಲ್ಲ. "ಅಯ್ನೋರಿಗೆ ದಿನ ಗೊತ್ತೈತೆ ಕಣ್ಲಾ. ಮ್ಯಾಲಿನೋರು ಗದರವ್ರೆ, ಹೆದರ್ಕೊಂಡು ಇಂಗಂತಾವ್ರೆ" ಎಂದು ಪಿಸುಗುಟ್ಟಿದರು. ನೋಡಿ, ಗೊತ್ತು ಎಂದಾಗ ತಟ್ಟನೆ ನಂಬಿದ ಜನ, ಗೊತ್ತಿಲ್ಲ ಎಂದರೆ ನಂಬಲೊಲ್ಲರು.

ಲಕ್ಕಮ್ಮ ಸಭೆ ಮುಗಿದ ಮೇಲೂ ಕೂತೇ ಇದ್ದಳು.

"ಅಂಗಾದ್ರೆ ನಮ್ಮೋರು ಎದ್ದೇಳಾಕಿಲ್ವಾ ಅಯ್ನೋರೆ?"

"ಏಳ್ತಾರೆ ಲಕ್ಕಮ್ಮ. ಯಾವತ್ತು ಅಂತ ಗೊತ್ತಿಲ್ಲ."

"ಯಾವತ್ತು ಅಂತ ಗೊತ್ತಿಲ್ದಿದ್ರೆ ದಿನಾ ಗುಡಿಸ್ಬೇಕಾಯ್ತದಲ್ಲ!" ಎಂದಳು ಲಕ್ಕಮ್ಮ, ಬಲು ಬೇಜಾರಿನಿಂದ. ಸೊಂಟ ಹಿಡಿದುಕೊಂಡು ಎದ್ದು ಹೋದಳು.

ಅಂದು ಇಡೀ ದಿನ ಕೃಪಮ್ಮ ಅಪ್ಪನೊಂದಿಗೆ ಮಾತಾಡಲಿಲ್ಲ. ಅಂಬಲಿಯನ್ನು ಮುಟ್ಟಲಿಲ್ಲ. ಸುದ್ದಿ ತಿಳಿಸಿ ಮಗಳನ್ನು ತಾನೇ ಕೊಂದೆನೇನೋ ಎಂದು ಮರುಳಸಿದ್ದಯ್ಯ ಅಂಗಳದಲ್ಲಿ ಒಳಗೂ ಹೋಗಲಾರದೆ ಹೊರಗೂ ಹೋಗಲಾರದೆ ಸುತ್ತುತ್ತಿದ್ದ. ಅವಳು ಹೋಗುತ್ತಾಳೋ ಇಲ್ಲವೋ ಬಸವಮ್ಮನಿಗೂ ತಿಳಿಯದು. ಆದರೂ ಅವಳು ಎರಡು ಸೀರೆ, ಒಂದು ಕಂಬಳಿ, ಒಂದು ಡಬ್ಬಿ ಹುರಿಹಿಟ್ಟು ಕಟ್ಟಿ ಗಂಟನ್ನು ಬಾಗಿಲ ಮೂಲೆಯಲ್ಲಿಟ್ಟಳು.

ಸೋಮವಾರ ಬಿಸಿಲೇರುವ ಮೊದಲೇ ಮೋಟಾರು ಕೇರಿಯ ಬಾಯಿಗೆ ಬಂದು ನಿಂತಿತು. ಡಾಕ್ಟರಮ್ಮ ಇಳಿಯಲಿಲ್ಲ, ಬಾಗಿಲು ತೆಗೆದು ಕಾದಳು. ಕೇರಿಯೆಲ್ಲ ಅಲ್ಲಲ್ಲೇ ನಿಂತು ನೋಡುತ್ತಿತ್ತು. ಮನೆಯೊಳಗಿಂದ ಸದ್ದೇ ಇಲ್ಲ. ಮರುಳಸಿದ್ದಯ್ಯ ಒಳಗೆ ಹೋಗಿ ಕೈ ಹಿಡಿದು ಎಳೆದು ತರಲೇ, ಕಾಲು ಹಿಡಿದು ಬೇಡಲೇ ಎಂದು ಗೊತ್ತಾಗದೆ ಹೊಸ್ತಿಲ ಮುಂದೆ ನಿಂತಿದ್ದ.

ಆಗ ಅವ್ವನ ಹೆಗಲು ಹಿಡಿದುಕೊಂಡು ಕೃಪಮ್ಮ ಹೊರಗೆ ಬಂದಳು. ತಲೆ ಬಾಚಿತ್ತು. ಮುಖ ಬಾಡಿತ್ತು, ನಗುವಿನ ಸುಳಿವೂ ಇರಲಿಲ್ಲ. ಅಪ್ಪನನ್ನು ದಾಟಿಕೊಂಡೇ ಅಂಗಳಕ್ಕಿಳಿದಳು. ಅವನು ಗಂಟು ಎತ್ತಿಕೊಂಡು ಹಿಂದೆ ನಡೆದ. ನಾಲ್ಕು ಹೆಜ್ಜೆಗೊಮ್ಮೆ ನಿಂತು ಉಸಿರು ತೆಗೆದುಕೊಳ್ಳುತ್ತ, ಕೇರಿಯವರನ್ನು ಒಬ್ಬೊಬ್ಬರನ್ನೇ ನೋಡುತ್ತ ಅವಳು ಮೋಟಾರಿನವರೆಗೆ ನಡೆದೇ ಹೋದಳು. ಯಾರನ್ನೂ ಎತ್ತಿಕೊಳ್ಳಗೊಡಲಿಲ್ಲ.

"ಬರ್ತೀನವ್ವ" ಎಂದು ಬಸವಮ್ಮನ ಕೈ ಬಿಟ್ಟಳು. ಬಸವಮ್ಮ ಮಗಳ ಸೆರಗು ಸರಿಮಾಡಿದಳು.

ಮರುಳಸಿದ್ದಯ್ಯ ಗಂಟನ್ನು ಅವಳ ಕಾಲ ಬಳಿ ಇಟ್ಟ. ಕಂಬಳಿ ಹೊದಿಸಿದ. ಬಾಗಿಲು ಹಾಕಬೇಕು, ಹಾಕಲು ಕೈ ಬರುತ್ತಿಲ್ಲ. ಇನ್ನು ಎಷ್ಟು ತಿಂಗಳೋ, ಬರುವುದುಂಟೋ ಇಲ್ಲವೋ, ಬಂದರೆ ಯಾವಾಗಲೋ. ಕೇಳಬಾರದೆಂದುಕೊಂಡರೂ ಅದೊಂದೇ ಮಾತು ನಾಲಿಗೆಯ ತುದಿಗೆ ಬಂದು ಕೂತಿತ್ತು. ಅವನು ಬಾಯಿ ತೆರೆಯುವ ಮೊದಲೇ ಕೃಪಮ್ಮ ಅವನ ಮುಖ ನೋಡಿದಳು, ಶನಿವಾರದಿಂದ ಮೊದಲ ಸಲ.

"ಬರ್ತೀನಪ್ಪ" ಎಂದಳು. "ಯಾವತ್ತು ಅಂತ ಮಾತ್ರ ಕೇಳ್ಬ್ಯಾಡ."

ಮರುಳಸಿದ್ದಯ್ಯ ಕೇಳಲಿಲ್ಲ. ಬಾಗಿಲು ಹಾಕಿದ.